ಚಿತ್ರಶಾಲೆಯ ಬಾಗಿಲು ಯಾರಿಗಾಗಿ?

ಸಾರ್ವಜನಿಕ ಹಣದಿಂದ ಎದ್ದು ನಿಂತ ಕಟ್ಟಡ ಯಾರದ್ದು? ಅನುದಾನ ಬಿಡುಗಡೆ ಮಾಡಿದವರದ್ದೋ, ನಕ್ಷೆ ಬರೆದವರದ್ದೋ, ಶಿಲಾಫಲಕದಲ್ಲಿ ಹೆಸರು ಕೆತ್ತಿಸಿಕೊಂಡವರದ್ದೋ? ಆಸ್ಪತ್ರೆ, ಕಚೇರಿಗಳ ವಿಷಯದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಬಾಗಿಲು ಹೇಗಿದ್ದರೂ ಜನ ಅಲ್ಲಿಗೆ ಹೋಗಲೇಬೇಕು. ಚಿತ್ರಶಾಲೆಯ ಮಾತು ಬೇರೆ. ಅಲ್ಲಿಗೆ ಯಾರೂ ಹೋಗಲೇಬೇಕೆಂದಿಲ್ಲ. ಹೊಸ್ತಿಲಲ್ಲಿ ಸ್ವಲ್ಪ ಅಳುಕು ಹುಟ್ಟಿದರೂ ಸಾಮಾನ್ಯ ಮನುಷ್ಯ ಹಿಂತಿರುಗಿ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಆದ್ದರಿಂದ ಕಲಾ ಗ್ಯಾಲರಿಯ ವಿನ್ಯಾಸ ಎಂಜಿನಿಯರುಗಳ ಸಂಗತಿಯಾಗಿರುವಷ್ಟೇ ನ್ಯಾಯದ ಸಂಗತಿಯೂ ಹೌದು.

ಕಲಬುರಗಿಯಂಥ ಊರಿನಲ್ಲಿ ಹೊಸ ಚಿತ್ರಶಾಲೆಯ ಮಾತೆತ್ತಿದರೆ ಮೊದಲು ಬರುವ ಆಕ್ಷೇಪ ಎಲ್ಲರಿಗೂ ಗೊತ್ತು: ಶಾಲೆಗಳ ಸ್ಥಿತಿ ನೋಡಿ, ಕುಡಿಯುವ ನೀರಿನ ಸ್ಥಿತಿ ನೋಡಿ, ಚಿತ್ರ ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಈ ಭಾಗ ಹಿಂದುಳಿದಿದೆ ಎಂಬುದನ್ನು 371(ಜೆ) ವಿಧಿಯ ಮೂಲಕ ಸಂವಿಧಾನವೇ ಒಪ್ಪಿಕೊಂಡಿರುವಾಗ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸೌಂದರ್ಯ ಸದ್ಯಕ್ಕೆ ಬೇಡ ಎಂಬ ಉಪದೇಶ ಯಾವಾಗಲೂ ಬಡವರಿಗೇ ಏಕೆ? ಉಳ್ಳವರು ಬೇಕಾದ ಚಿತ್ರವನ್ನು ಕೊಂಡು ಮನೆಯ ಗೋಡೆಗೆ ಹಾಕಿಕೊಳ್ಳುತ್ತಾರೆ. ಇಲ್ಲದವರ ಪಾಲಿಗೆ ಸಾರ್ವಜನಿಕ ಗೋಡೆಯೊಂದೇ ಗತಿ.

ಇದೇ ನಗರದಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರುಗಳಿಂದಲೂ ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದಲೂ ದೇಶದಲ್ಲೆಲ್ಲ ಹೆಸರಾದವರು. ಚಿತ್ರಶಾಲೆಯನ್ನು ಎಂದೂ ಕಾಣದ ಜನ ಅವರ ಚಿತ್ರಗಳನ್ನು ಕಂಡಿದ್ದರು. ಚಿತ್ರಕಾರನ ಹೆಸರು ಅವರಿಗೆ ಗೊತ್ತಿರಲಿಕ್ಕಿಲ್ಲ, ಆದರೆ ಆ ಬಣ್ಣಗಳೊಂದಿಗೆ ಅವರು ಬದುಕಿದ್ದರು. ಅಂದು ಕಲೆಯೇ ಜನರ ಮನೆಗೆ ನಡೆದು ಹೋಯಿತು. ಅದೇ ಜನ ಮೂಲ ಚಿತ್ರ ನೋಡಲು ಬಂದಾಗ ಕಟ್ಟಡ ಅವರನ್ನು ಅನುಮಾನದಿಂದ ನೋಡುವುದಾದರೆ ಅದನ್ನು ಸಾರ್ವಜನಿಕ ಎನ್ನುವುದರಲ್ಲಿ ಅರ್ಥವೇನಿದೆ?

ಹಣದ ಆಕ್ಷೇಪಕ್ಕೆ ಭಾಷಣದಿಂದ ಉತ್ತರ ಕೊಡಲಾಗದು, ಕಟ್ಟಡವೇ ಉತ್ತರ ಕೊಡಬೇಕು. 1997ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಫ್ರಾಂಕ್ ಗೆರಿ ವಿನ್ಯಾಸಗೊಳಿಸಿದ ಗುಗೆನ್‌ಹೈಮ್ ಮ್ಯೂಸಿಯಂ ಬಾಗಿಲು ತೆರೆಯಿತು. ಆ ಬಳಿಕ ತಮ್ಮಲ್ಲೂ ಅಂಥದೊಂದು ಬೆರಗಿನ ಕಟ್ಟಡ ಇರಲಿ ಎಂಬ ಆಸೆ ಅನೇಕ ನಗರಗಳಿಗೆ ಅಂಟಿಕೊಂಡಿತು. ನಮ್ಮಲ್ಲಿ ಆ ಆಸೆ ಸಾಮಾನ್ಯವಾಗಿ ಗಾಜಿನ ಮುಖವಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿಗೆ ಗಾಜಿನ ಗೋಡೆ ತರುವುದು ಬಿಸಿಲನ್ನು, ಅದರ ಹಿಂದೆಯೇ ಏರ್ ಕಂಡೀಷನರಿನ ವಿದ್ಯುತ್ ಬಿಲ್ಲನ್ನು. ಚಿತ್ರಗಳಿಗೂ ಅದು ಹಿತವಲ್ಲ. ಜಲವರ್ಣದ ಚಿತ್ರಕ್ಕೆ, ಬಟ್ಟೆಯ ಮೇಲಿನ ಕಸೂತಿಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳು ಪಾಲಿಸುವ ನಿಯಮ. ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿರುತ್ತದೆ. ಹೊರಗಿನವರನ್ನು ಬೆರಗುಗೊಳಿಸುವ ಗೋಡೆ ಒಳಗಿನ ಬಣ್ಣವನ್ನು ಮೆಲ್ಲನೆ ತಿಂದುಹಾಕುತ್ತದೆ.

ಬಿಸಿಲನ್ನು ಹೊರಗಿಟ್ಟು ಬೆಳಕನ್ನು ಮಾತ್ರ ಒಳಗೆ ಕರೆಯುವ ವಿದ್ಯೆ ಈ ಊರಿಗೆ ಹೊಸದಲ್ಲ. ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು. ಸಾಮಾನ್ಯವಾಗಿ ಇಂಥ ದೊಡ್ಡ ಮಸೀದಿಗಳ ನಡುವೆ ಬಯಲು ಅಂಗಳವಿರುತ್ತದೆ. ಇಲ್ಲಿ ಇಡೀ ಜಾಗಕ್ಕೆ ಗುಮ್ಮಟಗಳ ಸೂರು ಹೊದಿಸಲಾಗಿದೆ. ಅಂಚಿನ ಸಾಲುಗಳಲ್ಲಿ ಅಗಲವಾದ, ತಗ್ಗಿನಿಂದ ಏಳುವ ಕಮಾನುಗಳಿವೆ. ಅವುಗಳಲ್ಲಿ ಹಾದು, ನೆಲಕ್ಕೆ ತಾಗಿ, ತಣ್ಣಗಾಗಿ ಒಳಬರುವ ಬೆಳಕು ಕಣ್ಣು ಕುಕ್ಕುವುದಿಲ್ಲ. ಬಂದವರೆಲ್ಲರಿಗೂ ಒಂದೇ ನೆರಳು. ನಗರದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇಡಂ ರಸ್ತೆಯ ಎರಡು ಹಳೆಯ ಗುಮ್ಮಟಗಳಲ್ಲಿ ನೆಲೆಗೊಳಿಸಿದಾಗಲೂ ದಪ್ಪ ಗೋಡೆಯ ಉಪಕಾರ ಅನುಭವಕ್ಕೆ ಬಂದಿರಬೇಕು. ಹೊಸ ಕಟ್ಟಡದ ನೆತ್ತಿಗೆ ಸಿಮೆಂಟಿನ ಗುಮ್ಮಟ ಕೂರಿಸಿ ಪರಂಪರೆ ಎಂದು ಕರೆಯಬೇಕೆಂದು ಇದರ ಅರ್ಥವಲ್ಲ. ಕಲಿಯಬೇಕಾದದ್ದು ಆಕಾರವನ್ನಲ್ಲ, ಆ ಆಕಾರದ ಹಿಂದಿನ ವಿವೇಕವನ್ನು. ದಪ್ಪ ಗೋಡೆ, ಆಳವಾದ ಪಡಸಾಲೆ, ಕಾಲಿಗೆ ತಂಪಾದ ಶಹಾಬಾದ್ ಕಲ್ಲಿನ ನೆಲ ಇವೆಲ್ಲ ಇಲ್ಲಿಯವೇ.

ಇನ್ನು ಬಾಗಿಲಿನ ಮಾತು. ಹುಮನಾಬಾದ್ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಒಬ್ಬ ಹೆಣ್ಣುಮಗಳು ನಗರಕ್ಕೆ ಬರುತ್ತಾಳೆಂದುಕೊಳ್ಳೋಣ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟಿನ ಹಣ ಬೇಕಿಲ್ಲ. ಖಾಜಾ ಬಂದೇನವಾಜರ ದರ್ಗಾಕ್ಕೋ ಶರಣಬಸವೇಶ್ವರರ ಗುಡಿಗೋ ಆಕೆ ಅಳುಕಿಲ್ಲದೆ ಹೋಗುತ್ತಾಳೆ. ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲಿ ಕೂರಬೇಕು ಎಂಬುದು ಆಕೆಗೆ ಗೊತ್ತು. ಚಿತ್ರಶಾಲೆಗೆ ಹೋಗುವಳೇ? ಎತ್ತರದ ಮೆಟ್ಟಿಲು, ಚೀಲ ತಡಕುವ ಕಾವಲುಗಾರ, ಇಂಗ್ಲಿಷಿನ ಫಲಕ ಎದುರಾದರೆ ಖಂಡಿತ ಇಲ್ಲ. ಬೀದಿಯ ಮಟ್ಟದಲ್ಲೇ ಬಾಗಿಲು, ಕನ್ನಡ ಮತ್ತು ಉರ್ದುವಿನಲ್ಲಿ ಬರಹ, ಕುಡಿಯುವ ನೀರು, ಶೌಚಾಲಯ, ಬುತ್ತಿ ಬಿಚ್ಚಿ ಉಣ್ಣಲು ನೆರಳಿನ ಕಟ್ಟೆ ಇದ್ದರೆ ಬಂದಾಳು. ಇವುಗಳಿಗೆ ತಗಲುವ ಖರ್ಚು ಗಾಜಿನ ಮುಖಕ್ಕಿಂತ ಎಷ್ಟೋ ಕಡಿಮೆ.

ಒಳಗೆ ಬಂದ ಮೇಲೆ ಆಕೆ ಕಾಣುವುದೇನು? ಭೋಪಾಲದಲ್ಲಿ 1982ರಲ್ಲಿ ಆರಂಭವಾದ ಭಾರತ ಭವನ ಇಲ್ಲಿ ನೆನಪಾಗುತ್ತದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದನ್ನು ಕೆರೆಯ ಕಡೆಗಿನ ಇಳಿಜಾರಿನಲ್ಲಿ ಅಂಗಳ-ಅಂಗಳವಾಗಿ ತಗ್ಗಿಸಿ ಕಟ್ಟಿದರು. ಕಲಾವಿದ ಜೆ. ಸ್ವಾಮಿನಾಥನ್ ಅದರೊಳಗೆ ಆದಿವಾಸಿಗಳ ಚಿತ್ರಗಳಿಗೂ ನಗರದ ಕಲಾವಿದರ ಚಿತ್ರಗಳಿಗೂ ಸಮಾನ ಸ್ಥಾನ ಕೊಟ್ಟರು. ಕಟ್ಟಡದ ವಿನಯವೂ ಗೋಡೆಯ ಸಮಾನತೆಯೂ ಒಂದಕ್ಕೊಂದು ಹೊಂದಿಕೊಂಡವು. ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ ಸೇರಿಸಿ ಹೊಲಿದ ಕಸೂತಿಗೆ ಅಂಥ ಜಾಗ ಸಿಕ್ಕೀತೇ? ಹೆಸರಾಂತ ಕಲಾವಿದನ ಜಲವರ್ಣಕ್ಕೆ ಬೇಕಾದ 50 ಲಕ್ಸ್ ಬೆಳಕೇ ಆ ಕಸೂತಿಗೂ ಬೇಕು. ಕಾಪಾಡುವ ನಿಯಮದಲ್ಲಿ ಭೇದವಿಲ್ಲದಿರುವಾಗ ಗೌರವಿಸುವ ನಿಯಮದಲ್ಲಿ ಭೇದ ಮಾಡುವುದೇಕೆ?

ಕಲೆ ಹೊಟ್ಟೆ ತುಂಬಿಸುವುದಿಲ್ಲ, ನಿಜ. ಆದರೆ ತಾನು ಮಾಡಿದ್ದಕ್ಕೂ ಬೆಲೆಯಿದೆ, ತನಗೂ ಇಲ್ಲಿ ಜಾಗವಿದೆ ಎಂಬ ಅರಿವು ಮನುಷ್ಯನಿಗೆ ಅನ್ನದಷ್ಟೇ ಅಗತ್ಯ. ಈ ಅರಿವನ್ನು ಕೊಡಬಲ್ಲ ಕಟ್ಟಡಕ್ಕೆ ಸಾರ್ವಜನಿಕರ ಹಣ ವೆಚ್ಚವಾದರೆ ಅದು ದುಂದಲ್ಲ. ಅದನ್ನು ಕೊಡಲಾರದ ಕಟ್ಟಡ ಎಷ್ಟೇ ಅಗ್ಗವಾದರೂ ದುಂದೇ. ನಕ್ಷೆ ಬರೆಯುವವರು ಎದುರಿನ ಮುಖವನ್ನು ಆಮೇಲೆ ಬರೆಯಲಿ. ಬಸ್ಸಿನಿಂದಿಳಿದು ಬರುವ ಆ ಹೆಣ್ಣುಮಗಳ ದಾರಿಯನ್ನು ಮೊದಲು ಬರೆಯಲಿ.