ಯಾರ ಅಪ್ಪಣೆಯ ರಜೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಾನು ಮನೆಯವರಿಗೆ ಬೇಡವಾದ ಮನುಷ್ಯನಾಗುತ್ತೇನೆ. ಅಟ್ಟದ ಮೇಲಿನ ಪುಸ್ತಕಗಳನ್ನು ಜೋಡಿಸಿಡಬೇಕೆಂದಿದ್ದೆ, ಆಗಲಿಲ್ಲ. ಅಕ್ಕನ ಊರಿನಲ್ಲಿ ನಾಲ್ಕು ದಿನ ಇದ್ದು ಬರಬೇಕೆಂದಿದ್ದೆ, ಒಂದೇ ರಾತ್ರಿ ಮಲಗಿ ಬಂದೆ. ಇಷ್ಟು ವರ್ಷ ಮಾಸ್ತರಿಕೆ ಮಾಡಿದವನಿಗೂ ಶಾಲೆ ತೆರೆಯುವ ಹಿಂದಿನ ದಿನ ಒಂದನೇ ತರಗತಿಯ ಹುಡುಗನಿಗೆ ಆಗುವಂತೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ ಎಂದರೆ ನೀವು ನಗಬಹುದು. ನಗಿರಿ, ಚಿಂತೆಯಿಲ್ಲ. ಆದರೆ ಈಚೆಗೆ ಆ ಸಂಕಟದ ಕಾರಣ ಬೇರೆಯಾಗಿದೆ.

ರಜೆ ಎಂಬ ಮಾತು ಅರಬ್ಬಿಯಿಂದ ಪಾರಸಿಗೆ ಬಂದು, ಅಲ್ಲಿಂದ ನಮ್ಮ ಕಚೇರಿಗಳಿಗೆ ಇಳಿದದ್ದು. ಮೂಲದಲ್ಲಿ ಅದಕ್ಕೆ ಒಪ್ಪಿಗೆ, ಅಪ್ಪಣೆ ಎಂದರ್ಥ. ನಮ್ಮ ಕಡೆಯ ಮಕ್ಕಳು ಮಾತ್ರ ‘ಸೂಟಿ’ ಎನ್ನುತ್ತಾರೆ. ಅದು ಮರಾಠಿಯ ನಂಟಿನ ಮಾತು, ಬಿಡುಗಡೆ ಎಂದು ಅದರ ಭಾವ. ನಾವು ಅಪ್ಪಣೆ ಪಡೆದು ಹೋಗುತ್ತೇವೆ, ಅವರು ಬಿಡಿಸಿಕೊಂಡು ಓಡುತ್ತಾರೆ. ಈ ಎರಡು ಮಾತುಗಳ ನಡುವೆ ಇಷ್ಟು ಅಂತರವಿದೆಯೆಂದು 2024ರ ಬೇಸಿಗೆಯವರೆಗೆ ನನಗೆ ಹೊಳೆದಿರಲಿಲ್ಲ.

ರಜೆಯನ್ನು ಹಳಿಯಲು ನಾನು ಕುಳಿತಿಲ್ಲ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಪರಿಸರ ಅಧ್ಯಯನ ನಡೆಸಿದವನಿಗೆ ಏಪ್ರಿಲ್ ಹೊತ್ತಿಗೆ ಗಂಟಲೂ ಉಳಿದಿರುವುದಿಲ್ಲ, ತಾಳ್ಮೆಯೂ ಉಳಿದಿರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನಗಳ ಪಾಠ ನಡೆಯಬೇಕೆಂದು ಹೇಳಿದೆ. ಉಳಿದ ದಿನಗಳಲ್ಲಿ ಮಾಸ್ತರನಾದವನು ತನ್ನ ಹೊಲ, ತನ್ನ ಮಕ್ಕಳು, ತನ್ನ ನಿದ್ದೆ ಎಂದರೆ ತಪ್ಪೇನಲ್ಲ. ದಣಿದ ಎತ್ತಿನ ಕೊರಳಿನಿಂದ ನೊಗ ಇಳಿಸದ ಒಕ್ಕಲಿಗನನ್ನು ಯಾರೂ ಹೊಗಳುವುದಿಲ್ಲ.

ನಮ್ಮದು ರಾಯಚೂರು ಜಿಲ್ಲೆಯ ಒಣಬೇಸಾಯದ ಸೀಮೆ, ಕಾಲುವೆಯ ನೀರು ಮುಟ್ಟದ ಊರು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ, ಏಪ್ರಿಲ್ 11ರಿಂದ ಮೇ 28ರವರೆಗೆ, ಆ ತಾಲ್ಲೂಕುಗಳ ಮಕ್ಕಳಿಗೆ ರಜೆಯಲ್ಲೂ ಬಿಸಿಯೂಟ ನಡೆಯಿತು. ಭಾನುವಾರ ಬಿಟ್ಟರೆ 41 ದಿನ. ನಾವು ಶಿಕ್ಷಕರು ಪಾಳಿ ಹಾಕಿಕೊಂಡೆವು. ಸಾಲದ್ದಕ್ಕೆ ಮೇ 7ರ ಲೋಕಸಭೆ ಮತದಾನದ ಕೆಲಸ ಬೇರೆ. ನಾನು ಗೊಣಗಿದ್ದೇ ಗೊಣಗಿದ್ದು. ಬೇಸಿಗೆ ರಜೆ ಇರುವ ನೌಕರರಿಗೆ ಉಳಿದವರಂತೆ ಗಳಿಕೆ ರಜೆ ಸಿಗದು. ರಜೆಯಲ್ಲಿ ದುಡಿಸಿಕೊಂಡರೆ ಆ ಲೆಕ್ಕಕ್ಕೆ ತಕ್ಕಂತೆ ಜಮಾ ಮಾಡಬೇಕು. ಹಾಗಾಗಿ ಡೈರಿಯ ಕೊನೆಯ ಪುಟದಲ್ಲಿ ಒಂದೊಂದು ದಿನವನ್ನೂ ಬರೆದಿಡುತ್ತಿದ್ದೆ. ತರಬೇತಿ ಎರಡು ದಿನ, ಮತದಾನ ಎರಡು ದಿನ, ಊಟದ ಪಾಳಿ ಇಷ್ಟು. ಒಂದು ದಿನವೂ ತಪ್ಪಲಿಲ್ಲ.

ಅದೇ ಏಪ್ರಿಲ್‌ನಲ್ಲಿ, ಶಾಲೆಯ ಕೊನೆಯ ದಿನ, ಏಳನೇ ತರಗತಿ ಮುಗಿಸಿದ ಒಬ್ಬಳು ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಹೈಸ್ಕೂಲು ಐದು ಕಿಲೋಮೀಟರು ದೂರ. “ಸರ್, ನಮ್ಮಪ್ಪಗ ನೀವೊಮ್ಮೆ ಹೇಳ್ರಿ. ನಿಮ್ಮ ಮಾತು ಕೇಳ್ತಾನ್ರಿ” ಎಂದಳು. “ಸೂಟ್ಯಾಗ ನಿಮ್ಮ ಮನಿಗೇ ಬರ್ತೀನವ್ವಾ, ಚಿಂತಿ ಮಾಡಬ್ಯಾಡ” ಎಂದೆ. ಹೇಳುವಾಗ ಸುಳ್ಳು ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಸುಳ್ಳಾಗಿದ್ದರೆ ನನ್ನ ತಪ್ಪನ್ನು ಹೆಸರಿಸುವುದು ಸುಲಭವಾಗುತ್ತಿತ್ತು.

ಮೊದಲ ವಾರ ಅವಳು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಊಟಕ್ಕೆ ಬರುತ್ತಿದ್ದಳು. ನನ್ನನ್ನು ನೋಡಿ ಏನೂ ಕೇಳುತ್ತಿರಲಿಲ್ಲ. ನಾನೂ, ನಾಳೆ ಬಿಸಿಲು ಇಳಿದ ಮೇಲೆ ಹೋದರಾಯಿತು ಎಂದುಕೊಳ್ಳುತ್ತಿದ್ದೆ. ಏಪ್ರಿಲ್ ಕೊನೆಗೆ ಒಂದು ದಿನ ಅಡುಗೆಯಾಕೆ, “ಸರ್, ಆ ಹುಡುಗಿ ನಾಕು ದಿನ ಆತು, ಬಂದಿಲ್ಲಲ್ರೀ” ಎಂದಳು. “ಸೂಟಿ ಅಲ್ಲೇನಮ್ಮ, ಎಲ್ಲೋ ಬೀಗರೂರಿಗೆ ಹೋಗಿರಬೇಕು” ಎಂದೆ. ಊಟದ ವಹಿಯಲ್ಲಿ ಸಂಖ್ಯೆ ಇಳಿದಿತ್ತು. ಬೇಗ ಮುಗಿಯುತ್ತದೆ ಎಂದು ಒಂದಿಷ್ಟು ಹಗುರವಾದದ್ದೂ ನಿಜ.

ಅವಳ ಮನೆಗೆ ನಾನು ಹೋದದ್ದು ಮೇ 28ರ ಸಂಜೆ. ಬೀಗ ಹಾಕಿತ್ತು. ಇಡೀ ಮನೆ ಬೆಂಗಳೂರಿಗೆ ಗುಳೆ ಹೋಗಿತ್ತು, ಬಿಲ್ಡಿಂಗ್ ಕೆಲಸಕ್ಕೆ. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತ, “ನೀವು ಬರ್ತೀರಂತ ಹಾದಿ ನೋಡೇ ನೋಡಿತ್ರೀ ಹುಡುಗಿ” ಎಂದಳು. ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಉತ್ತರ ಹೇಳಬಹುದಿತ್ತು.

ನಾನು ಹೋಗಿದ್ದರೂ ಅವರು ಗುಳೆ ಹೋಗುತ್ತಿದ್ದರು ಎಂದು ಸ್ನೇಹಿತರು ಸಮಾಧಾನ ಹೇಳಿದರು. ಇರಬಹುದು. ಬರಗಾಲವನ್ನು ಮಾಸ್ತರನ ಮಾತು ತಡೆಯಲಾರದು. ಆದರೆ ನನ್ನನ್ನು ಕಾಡಿದ್ದು ಅದಲ್ಲ. ಸರ್ಕಾರ ನನ್ನಿಂದ ಕಿತ್ತುಕೊಂಡ ದಿನಗಳ ಲೆಕ್ಕ ಡೈರಿಯಲ್ಲಿತ್ತು. ನಾನೇ ಕೊಟ್ಟ ಒಂದು ಸಂಜೆಯ ಲೆಕ್ಕ ಎಲ್ಲಿಯೂ ಇರಲಿಲ್ಲ. ಸರ್ಕಾರ ಕೇಳುತ್ತದೆ, ಹುಡುಗಿ ಕೇಳಲಿಲ್ಲ, ಇಷ್ಟೇ ವ್ಯತ್ಯಾಸ. ಕೇಳಲು ಬಾರದವರ ಸಾಲವನ್ನು ನಾವು ಸಾಲವೆಂದೇ ಎಣಿಸುವುದಿಲ್ಲ. ಕಚೇರಿಯಲ್ಲಿ ಗುಮಾಸ್ತ ನಾಲ್ಕು ದಿನ ರಜೆ ಹೋದರೂ ಅವನ ಮೇಜಿನ ಪ್ರಭಾರವನ್ನು ಒಬ್ಬರಿಗೆ ವಹಿಸಿ ಹೋಗುತ್ತಾನೆ. ಆ ಹುಡುಗಿಯ ಪ್ರಭಾರವನ್ನು ನಾನು ಯಾರಿಗೆ ವಹಿಸಿದ್ದೆ? ರಜೆ ಎಂದರೆ ಅಪ್ಪಣೆಯಾದರೆ, ಅವಳ ಅಪ್ಪಣೆ ನನಗೆ ಸಿಕ್ಕಿರಲಿಲ್ಲ.

ಜುಲೈಯಲ್ಲಿ ಮೊಹರಂಗೆ ಅವರು ಊರಿಗೆ ಬಂದರು. ನಮ್ಮ ಸೀಮೆಯಲ್ಲಿ ದುಡಿಯಲು ಹೋದವರು ದೀಪಾವಳಿಗೆ ತಪ್ಪಿದರೂ ಅಲಾಯಿ ಹಬ್ಬಕ್ಕೆ ತಪ್ಪುವುದಿಲ್ಲ. ಅಪ್ಪನೇ ಬಂದು ವರ್ಗಾವಣೆ ಪತ್ರ ತೆಗೆದುಕೊಂಡ. “ಅಲ್ಲೇ ಸಾಲಿಗೆ ಹಚ್ಚತೀವ್ರೀ” ಎಂದ. ಯಾವ ಸಾಲೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆತನೂ ಪಾಪ ಏನಾದರೊಂದು ಹೇಳಬೇಕಾಗುತ್ತಿತ್ತು. ಹುಡುಗಿ ಗೇಟಿನ ಹೊರಗೆ ತಮ್ಮನ ಕೈ ಹಿಡಿದು ನಿಂತಿದ್ದಳು. ಒಂದು ಬೇಸಿಗೆಯಲ್ಲಿ ಎಷ್ಟು ಎತ್ತರವಾಗಿದ್ದಳು! ನಮಸ್ಕಾರ ಮಾಡಿದಳು.

ಅಂದಿನಿಂದ ಮಕ್ಕಳಿಗೆ ‘ಸೂಟ್ಯಾಗ ಬರ್ತೀನಿ’ ಎಂದು ಹೇಳುವುದನ್ನೇ ಬಿಟ್ಟೆ. ಇದನ್ನು ಪ್ರಾಮಾಣಿಕತೆ ಎಂದು ತಿಳಿದಿದ್ದೆ. ಹೆಂಡತಿ ಒಪ್ಪಲಿಲ್ಲ. “ಮಾತು ಕೊಟ್ಟು ತಪ್ಪಿದಿರಿ, ಈಗ ಮಾತು ಕೊಡೋದನ್ನೇ ಬಿಟ್ಟೀರಿ. ಇದರಾಗ ಛಲೋದು ಯಾವುದ್ರೀ?” ಎಂದಳು. ರೊಟ್ಟಿ ಬಡಿಯುತ್ತ ಹೇಳಿದ ಮಾತು. ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಈ ವರ್ಷ ಏಳನೇ ತರಗತಿ ಮುಗಿಸಿದವರಲ್ಲಿ ಇಬ್ಬರ ವರ್ಗಾವಣೆ ಪತ್ರ ಇನ್ನೂ ಬೀರುವಿನಲ್ಲೇ ಇದೆ. ಒಬ್ಬನ ಮನೆ ಹಳ್ಳದ ಆಚೆ, ಇನ್ನೊಬ್ಬಳದು ಹನುಮಪ್ಪನ ಗುಡಿಯ ಹಿಂದೆ. ಅವರು ಬಾ ಎಂದಿಲ್ಲ, ನಾನು ಬರುತ್ತೇನೆ ಎಂದಿಲ್ಲ. ಮೊನ್ನೆ ಹಳ್ಳದ ಆಚೆ ಹೋಗಿ ಬಂದೆ, ಹುಡುಗ ಕುರಿ ಹೊಡೆದುಕೊಂಡು ಹೋಗಿದ್ದ. ಇಂದು ಗುಡಿಯ ಕಡೆ ಹೊರಟಿದ್ದೇನೆ. ಗಂಟೆ ಐದಾಗಿದೆ, ಬಿಸಿಲು ಇನ್ನೂ ಇಳಿದಿಲ್ಲ.