ಪ್ರೀತಿಯಿಂದ ಮಾಡಿದ್ದೆಲ್ಲಾ ಒಳ್ಳೇದಾಗುವದೋ?

ಹೂವನ್ನು ಪ್ರೀತಿಸುವವನು ಅದನ್ನು ಕೊಯ್ಯಬಹುದೋ, ಕೊಯ್ಯಬಾರದೋ? ಇದು ಮಕ್ಕಳ ಪ್ರಶ್ನೆಯಂತೆ ತೋರುವದು. ಆದರೆ ಪ್ರಿಯ ವಾಚಕರೇ, ಇದರೊಳಗೆ ಮತ್ತೊಂದು ದೊಡ್ಡ ಪ್ರಶ್ನೆ ಅಡಗಿದೆ. ಪ್ರೀತಿಯಿಂದ ಮಾಡಿದ್ದೆಲ್ಲಾ ಒಳ್ಳೇದಾಗುವದೋ ಎಂಬದೇ ಅದು.

ಅಮೇರಿಕ ದೇಶದ ಮಿನಿಯಾಪೊಲಿಸ್ ಪಟ್ಟಣದಲ್ಲಿ ಆ ಸೀಮೆಯ ಕಾಡುಹೂಗಳಿಗಾಗಿಯೇ ಮೀಸಲಾದ ಒಂದು ತೋಟವುಂಟು. ಪಟ್ಟಣವು ಬೆಳೆದಂತೆ ಕಾಡೂ ಜವುಗೂ ಅಳಿಯುವದನ್ನು ಕಂಡು ಎಲೋಯಿಸ್ ಬಟ್ಲರ್ ಎಂಬ ಉಪಾಧ್ಯಾಯಿನಿಯೂ ಆಕೆಯ ಜೊತೆಗಾರರೂ ಬೇಡಿಕೊಂಡದ್ದರಿಂದ ೧೯೦೭ರಲ್ಲಿ ಅದು ಸ್ಥಾಪನೆಯಾಯಿತು. ೧೯೨೯ರಲ್ಲಿ ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು. ೧೯೩೩ರಲ್ಲಿ ಆಕೆ ತೀರಿಕೊಂಡಾಗ ಆಕೆಯ ಬೂದಿಯನ್ನು ಅಲ್ಲಿಯೇ ಚೆಲ್ಲಿದರು.

ವಸಂತಕಾಲದ ಒಂದು ದಿನ ಅಲ್ಲಿಗೆ ಹೋಗುವವರಿಗೆ ಬರೀ ಕೊಂಬೆಗಳ ಕೆಳಗೆ, ಒಣಗಿದೆಲೆಗಳ ನಡುವೆ, ಬಿಳೀ ಹೂಗಳು ಕಾಣುವವು. ಮರಗಳು ಚಿಗುರಿ ನೆರಳು ಕವಿಯುವದರೊಳಗೆ ಈ ಚಿಕ್ಕ ಗಿಡಗಳು ಬಿಸಿಲನ್ನು ಕುಡಿದು, ಹೂತು, ವರ್ಷದ ಆಹಾರವನ್ನು ನೆಲದೊಳಗಿನ ಗೆಡ್ಡೆಯಲ್ಲಿ ಕೂಡಿಸಿಕೊಳ್ಳಬೇಕು. ಅವುಗಳಲ್ಲಿ ಟ್ರಿಲಿಯಂ ಎಂಬದಕ್ಕೆ ಮೂರು ಎಲೆ, ಮೂರು ಎಸಳು. ಅದರ ಬೀಜಗಳನ್ನು ಇರುವೆಗಳು ಹೊತ್ತು ಹರಡುವವು. ಬೀಜವು ಹೂವಾಗುವದಕ್ಕೆ ಏಳು ವರ್ಷ, ಕೆಲವು ಸಾರಿ ಇನ್ನೂ ಹೆಚ್ಚು, ಹಿಡಿಯುವದು.

ನಮ್ಮ ಅಂಗಳದ ಮಲ್ಲಿಗೆಯು ಹೀಗಲ್ಲ. ಅದನ್ನು ಸವರಿದರೆ ಹೊಸ ಚಿಗುರೊಡೆದು ಮೊಗ್ಗು ಬಿಡುವದು; ಬುಟ್ಟಿ ತುಂಬ ಕೊಯ್ದರೂ ಗಿಡಕ್ಕೆ ನಷ್ಟವಿಲ್ಲ. ಟ್ರಿಲಿಯಮನ್ನು ದಂಟಿನೊಂದಿಗೆ ಕಿತ್ತರೆ ಅದರ ಮೂರೆಲೆಗಳೂ ಕೈಗೆ ಬರುವವು. ಆಗ ಗೆಡ್ಡೆಗೆ ಉಣಿಸುವವರು ಯಾರು? ಗಿಡವು ಚೇತರಿಸಿಕೊಳ್ಳುವದಕ್ಕೆ ಬಹು ವರ್ಷ ಬೇಕು, ಸತ್ತೇ ಹೋಗಲೂಬಹುದು. ಕೈಯೂ ಒಂದೇ, ಪ್ರೀತಿಯೂ ಒಂದೇ. ಫಲವು ಮಾತ್ರ ಬೇರೆ. ಆದಕಾರಣ ಆ ತೋಟದಲ್ಲಿ ಹೂ ಕೊಯ್ಯುವದು ನಿಷೇಧ.

ಬಕ್‌ಥಾರ್ನ್ ಎಂಬ ಗಿಡವನ್ನು ೧೯ನೇ ಶತಮಾನದಲ್ಲಿ ಜನರು ಬೇಲಿಗಾಗಿ ಯುರೋಪಿನಿಂದ ಆ ಸೀಮೆಗೆ ತಂದರು. ಕೇಡು ಮಾಡಬೇಕೆಂದು ತಂದವರು ಯಾರೂ ಇಲ್ಲ. ಆದರೆ ಅದು ಕಾಡಿಗೆ ನುಗ್ಗಿ, ಬೇಗನೆ ಎಲೆ ಬಿಟ್ಟು, ವಸಂತದ ಹೂಗಳ ಬಿಸಿಲನ್ನು ಕಸಕೊಳ್ಳುವದು. ಈಗ ಊರಿನವರು ಕೂಡಿ ಬಂದು ಅದನ್ನು ಬೇರುಸಹಿತ ಕೀಳುತ್ತಾರೆ. ನಮ್ಮ ಬಂಡೀಪುರದ ಕಾಡಿನಲ್ಲಿ ಹಬ್ಬಿರುವ ಲಂಟಾನವೂ ಅಂದಕ್ಕಾಗಿ ಪರದೇಶದಿಂದ ತಂದದ್ದೇ ಅಲ್ಲವೇ?

ಹಾಗಾದರೆ ಪ್ರೀತಿಯು ವ್ಯರ್ಥವೆನ್ನಬೇಕೋ? ಹಾಗಲ್ಲ. ಪ್ರೀತಿಯಿಲ್ಲದಿದ್ದರೆ ಆ ತೋಟವೇ ಇರುತ್ತಿದ್ದಿಲ್ಲ. ಆದರೆ ಪ್ರೀತಿಸುವವನು ತಾನು ಪ್ರೀತಿಸುವದರ ಸ್ವಭಾವವನ್ನು ಕಲಿಯಲೇ ಬೇಕು. ಅದು ಅವನ ಇಷ್ಟಕ್ಕೆ ಬಿಟ್ಟದ್ದಲ್ಲ, ಅವನ ಕರ್ತವ್ಯವೇ. “ಒಳ್ಳೇ ಮನಸ್ಸಿನಿಂದ ಮಾಡಿದೆ” ಎಂಬ ಮಾತು ಕಿತ್ತ ಗಿಡವನ್ನು ತಿರಿಗಿ ನೆಡಲಾರದು.

ಮನೆಯಲ್ಲಿಯೂ ಹೀಗೆಯೇ. ಒಬ್ಬ ಮಗನು ಗದರಿಸಿದರೆ ತಿದ್ದಿಕೊಳ್ಳುವನು, ಮತ್ತೊಬ್ಬನು ಅದೇ ಮಾತಿನಿಂದ ಬಾಡಿಹೋಗುವನು. ಇಬ್ಬರನ್ನೂ ಸಮನಾಗಿ ಪ್ರೀತಿಸುವ ತಂದೆಯು ಇಬ್ಬರನ್ನೂ ಒಂದೇ ರೀತಿಯಾಗಿ ನಡಿಸಿದರೆ ಒಬ್ಬನಿಗೆ ಅನ್ಯಾಯ ಮಾಡಿದಂತಾಗುವದು. ಯಾರನ್ನು ತಿದ್ದಬೇಕು, ಯಾರನ್ನು ಏಳು ವರ್ಷ ಕಾಯಬೇಕು ಎಂಬದನ್ನು ನಾವು ನೋಡಿ ನೋಡಿ ಕಲಿಯೋಣ; ಕಲಿಯುವ ತನಕ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳೋಣ.