ಜಾಹೀರಾತನ್ನು ಅಣಕಿಸಿದರೆ ಸಾಕೇ?

ಜಾಹೀರಾತು ಹೇಳುವ ಸುಳ್ಳನ್ನು ಕಂಡು ನಕ್ಕುಬಿಟ್ಟರೆ ನಾವು ಅದರ ಹಿಡಿತದಿಂದ ಪಾರಾದಂತೆಯೇ? ಹೌದೆಂದೇ ನಮ್ಮಲ್ಲಿ ಅನೇಕರ ನಂಬಿಕೆ. ಮನವೊಲಿಸುವ ಮಾತು, ಕೊಳ್ಳುಬಾಕ ಸಂಸ್ಕೃತಿ ಮತ್ತು ಅದರ ವಿರುದ್ಧದ ಹೋರಾಟಗಳನ್ನು ಅಧ್ಯಯನ ಮಾಡಿರುವ ಅಮೆರಿಕದ ಸಂವಹನ ಶಾಸ್ತ್ರ ವಿದ್ವಾಂಸೆ ಕ್ರಿಸ್ಟೀನ್ ಹ್ಯಾರಲ್ಡ್ ಈ ನಂಬಿಕೆಯನ್ನು ಪ್ರಶ್ನಿಸುತ್ತಾರೆ.

ಕೆನಡಾದ ವ್ಯಾಂಕೂವರ್ ನಗರದಲ್ಲಿ 1989ರಲ್ಲಿ ಆರಂಭವಾದ 'ಆಡ್‌ಬಸ್ಟರ್ಸ್' ಪತ್ರಿಕೆ ಜಾಹೀರಾತುಗಳ ಅಣಕಕ್ಕೆ ಹೆಸರಾಯಿತು. ಸಿಗರೇಟು ಜಾಹೀರಾತಿನ ಮೋಜುಗಾರ ಒಂಟೆಯನ್ನು ಅದು ಆಸ್ಪತ್ರೆ ಸೇರಿದ ಕ್ಯಾನ್ಸರ್ ರೋಗಿಯಾಗಿ ಚಿತ್ರಿಸಿತು. ನೋಡಿದವರಿಗೆ ಬಿಸಿ ಮುಟ್ಟಿತು, ನಿಜ. ಆದರೆ ಇಂತಹ ಅಣಕಕ್ಕೂ ಮಿತಿಯುಂಟು ಎಂದು ಹ್ಯಾರಲ್ಡ್ 2004ರ ತಮ್ಮ ಲೇಖನದಲ್ಲಿ ವಾದಿಸುತ್ತಾರೆ. ತಾನು ವಿರೋಧಿಸುವುದನ್ನೇ ಆಶ್ರಯಿಸಿ ಬದುಕುವ ಅಣಕವು 'ಇದು ಬೇಡ' ಎನ್ನುತ್ತದೆಯೇ ಹೊರತು ಹೊಸದನ್ನು ಕಟ್ಟಿಕೊಡುವುದಿಲ್ಲ. ಮಾರುಕಟ್ಟೆಯಾದರೋ ಬಂಡಾಯವನ್ನೂ ಸರಕಾಗಿಸಬಲ್ಲದು. ಮುಂದೆ ಅದೇ ಪತ್ರಿಕೆ 'ಬ್ಲ್ಯಾಕ್‌ಸ್ಪಾಟ್' ಎಂಬ ಶೂಗಳನ್ನು ಮಾರತೊಡಗಿತು!

ಇನ್ನೊಂದು ದಾರಿಗೂ ಅವರು ಉದಾಹರಣೆ ಕೊಡುತ್ತಾರೆ. 1993ರಲ್ಲಿ ಅಮೆರಿಕದ ಕೆಲವು ಹೋರಾಟಗಾರರು ಮಾತನಾಡುವ ಬಾರ್ಬಿ ಬೊಂಬೆ ಮತ್ತು ಜಿ.ಐ. ಜೋ ಎಂಬ ಸೈನಿಕ ಬೊಂಬೆಗಳ ಧ್ವನಿಯಂತ್ರಗಳನ್ನು ಅದಲುಬದಲು ಮಾಡಿ ಅಂಗಡಿಗಳಿಗೆ ಮರಳಿಸಿದರು. ಬಾರ್ಬಿ ಯುದ್ಧದ ಮಾತನಾಡಿದಳು. ಸೈನಿಕ ಶಾಪಿಂಗ್ ಮಾತನಾಡಿದ. ಗಂಡುಮಕ್ಕಳಿಗೆ ಏನನ್ನು, ಹೆಣ್ಣುಮಕ್ಕಳಿಗೆ ಏನನ್ನು ಕಲಿಸುತ್ತಿದ್ದೇವೆ ಎಂಬ ಪ್ರಶ್ನೆ ಉಪದೇಶವಿಲ್ಲದೆಯೇ ಎದ್ದಿತು.

ಇಲ್ಲಿ ನೀತಿಯ ತೊಡಕೊಂದಿದೆ. ಹಣ ಕೊಟ್ಟು ಬೊಂಬೆ ಕೊಂಡ ಮನೆಯವರಿಗೆ ಮೋಸವಾಗಲಿಲ್ಲವೇ? ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಮಾರ್ಗವೂ ಒಳ್ಳೆಯದಾಗುವುದಿಲ್ಲ. ಹಾಗೆಂದು ಮನವೊಲಿಸುವ ಕಲೆಯನ್ನೇ ದೂರವಿಡಬೇಕಾಗಿಲ್ಲ. ಮಿಲಾನ್ ನಗರದಲ್ಲಿ ವಾಕ್ಕಲೆಯನ್ನು ಬೋಧಿಸುತ್ತಿದ್ದ ಸಂತ ಅಗಸ್ಟೀನರು 386ರಲ್ಲಿ ಆ ವೃತ್ತಿಯನ್ನು ತೊರೆದರು, ಕಲೆಯನ್ನು ತೊರೆಯಲಿಲ್ಲ. ಅದನ್ನು ಸತ್ಯದ ಸೇವೆಗೆ ತಿರುಗಿಸಿದರು. ಸುಳ್ಳಿನ ಪಕ್ಷದವರು ಸೊಗಸಾಗಿ ಮಾತನಾಡುವಾಗ ಸತ್ಯದ ಪಕ್ಷದವರು ಮಾತ್ರ ಏಕೆ ತಡವರಿಸಬೇಕು ಎಂಬುದು ಅವರ ನಿಲುವು.

ಹ್ಯಾರಲ್ಡ್ ಅವರ 2020ರ ಪುಸ್ತಕವು ಬಳಸಿ ಎಸೆಯುವ ಈ ಕಾಲದಲ್ಲಿ ವಸ್ತುಗಳೊಡನೆ ನಮಗಿರುವ ನಂಟನ್ನು ಕುರಿತದ್ದು. ನನಗನಿಸುವುದು ಇಷ್ಟು: ವಸ್ತುಗಳ ಮೇಲೆ ನಮಗೆ ಮೋಹ ಹೆಚ್ಚಿದೆ ಎನ್ನುತ್ತೇವೆ, ಆದರೆ ಮೋಹವಿರುವುದು ಕೊಳ್ಳುವುದರಲ್ಲಿ. ಕೊಂಡದ್ದರ ಮೇಲೆ ಅಕ್ಕರೆಯೇ ಇಲ್ಲ. ಟಿ.ವಿ. ಮುಂದೆ ಕುಳಿತು ಜಾಹೀರಾತನ್ನು ಗೇಲಿ ಮಾಡುವುದು ಸುಲಭ. ಕೆಟ್ಟ ಮಿಕ್ಸಿಯನ್ನು ರಿಪೇರಿಗೆ ಒಯ್ಯುವುದು, 'ಪಕ್ಕದ ಮನೆಯವರ ಹತ್ತಿರ ಇದೆ' ಎಂದು ಹಟ ಹಿಡಿದ ಮಗುವನ್ನು ಹತ್ತಿರ ಕೂರಿಸಿಕೊಂಡು ತಿಳಿಹೇಳುವುದು ಕಷ್ಟ. ನಿಜವಾದ ಪ್ರತಿಭಟನೆಗೆ ಅಲ್ಲಿ ಅವಕಾಶವಿದೆ.